ಮುರಿದ ಮೂಳೆಯೂ ಕಟ್ಟಿನ ಬಿಗಿಯೂ

ಮಕ್ಕಳಿರುವ ಮನೆಯಲ್ಲಿ ಬೀಳುವುದೂ ಏಳುವುದೂ ನಿತ್ಯದ ಸಂಗತಿ. ಸೀಬೆಮರದ ಕೊಂಬೆಯಿಂದಲೋ, ಜಗಲಿಯ ಅಂಚಿನಿಂದಲೋ, ಶಾಲೆಯ ಆಟದ ಬಯಲಿನಲ್ಲಿಯೋ ಬಿದ್ದ ಹುಡುಗನು ಕೈಯನ್ನು ಎದೆಗೊತ್ತಿಕೊಂಡು ಅಳುತ್ತ ಬಂದಾಗ ಹಿರಿಯರ ಬಾಯಿಂದ ಮೊದಲು ಹೊರಡುವ ಮಾತು, "ಬೇಗ ಬಿಗಿಯಾಗಿ ಕಟ್ಟಿಬಿಡಿ" ಎಂಬುದು. ಆ ಮಾತಿನ ಹಿಂದಿರುವುದು ವಾತ್ಸಲ್ಯವೇ ಹೊರತು ಬೇರೆಯಲ್ಲ. ಆದರೆ ಮುರಿದ ಮೂಳೆಗಳಲ್ಲಿ ಬಹುಪಾಲು ಕಾಲಕ್ರಮದಲ್ಲಿ ಕೂಡಿಕೊಳ್ಳುವುವು. ಬಿಗಿದ ಕಟ್ಟಿನಿಂದ ಸತ್ತ ಮಾಂಸಖಂಡವಾದರೋ ಮತ್ತೆ ಬದುಕುವುದಿಲ್ಲ. ಮುರಿತವೆಂಬುದು ಕೆಲವು ವಾರಗಳ ಕಷ್ಟ. ಕಟ್ಟಿನ ಬಿಗಿಯು ಕೆಲವೇ ಗಂಟೆಗಳಲ್ಲಿ ಜೀವಮಾನದ ಊನವನ್ನು ತಂದಿಡಬಲ್ಲುದು. ಆದುದರಿಂದ ಈ ತಿಂಗಳು ಈ ಒಂದು ವಿಷಯವನ್ನೇ ಗೃಹಸ್ಥರ ಮುಂದಿಡುತ್ತೇವೆ.

ಮೂಳೆಯು ಜೀವವುಳ್ಳದ್ದು

ಪಾಠಶಾಲೆಯ ಗಾಜಿನ ಬೀರುವಿನಲ್ಲಿ ತೂಗುಹಾಕಿದ ಒಣ ಎಲುಬುಗಳನ್ನು ಕಂಡವರಿಗೆ ಮೂಳೆಯೆಂದರೆ ಸುಣ್ಣಕಲ್ಲಿನಂತಹ ಜಡವಸ್ತುವೆಂದು ತೋರುವುದು ಸಹಜ. ವಾಸ್ತವವು ಬೇರೆ. ಬೆಳೆದ ಮನುಷ್ಯನ ದೇಹದ ೨೦೬ ಮೂಳೆಗಳಲ್ಲಿ ಪ್ರತಿಯೊಂದೂ ರಕ್ತದಿಂದ ಪೋಷಣೆ ಪಡೆಯುವ ಸಜೀವ ಅಂಗವಾಗಿದೆ. ಹಳೆಯ ಮೂಳೆಯನ್ನು ಕರಗಿಸುವ ಜೀವಕಣಗಳೂ ಹೊಸ ಮೂಳೆಯನ್ನು ಕಟ್ಟುವ ಜೀವಕಣಗಳೂ ಅದರೊಳಗೆ ಹಗಲಿರುಳು ದುಡಿಯುತ್ತಿರುವುವು. ಪ್ರಾಯದವರ ಅಸ್ಥಿಪಂಜರದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ವರ್ಷ ವರ್ಷವೂ ಹೀಗೆ ಹೊಸದಾಗುತ್ತದೆ.

ಮೂಳೆ ಮುರಿದ ಕೂಡಲೆ ಆ ಸ್ಥಳದಲ್ಲಿ ರಕ್ತವು ಸುರಿದು ಹೆಪ್ಪುಗಟ್ಟುವುದು. ಈ ಹೆಪ್ಪೇ ಮುಂದಿನ ಕಟ್ಟಡಕ್ಕೆ ತಳಹದಿ. ಎರಡು ಮೂರು ವಾರಗಳಲ್ಲಿ ಮುರಿದ ತುದಿಗಳ ನಡುವೆ ಮೆದುವಾದ ಬೆಸುಗೆಯೊಂದು ಹುಟ್ಟುತ್ತದೆ. ಅನಂತರ ಅದರಲ್ಲಿ ಸುಣ್ಣದಂಶವು ಸೇರಿ ಬೆಸುಗೆಯು ಗಟ್ಟಿಯಾಗುತ್ತದೆ. ಕಡೆಯಲ್ಲಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಹೆಚ್ಚಾದ ಭಾಗವು ಕರಗಿ ಮೂಳೆಯು ತನ್ನ ಮೊದಲಿನ ಆಕಾರಕ್ಕೆ ಬರುತ್ತದೆ. ಚರ್ಮದ ಗಾಯವು ಮಾಯ್ದರೆ ಕಲೆ ಉಳಿಯುವುದು. ಮೂಳೆಯು ಸರಿಯಾಗಿ ಕೂಡಿದರೆ ಉಳಿಯುವುದು ಕಲೆಯಲ್ಲ, ನಿಜವಾದ ಮೂಳೆಯೇ. ಎಳೆಯ ಮಗುವಿನ ಮುಂಗೈ ಮೂರು ನಾಲ್ಕು ವಾರಗಳಲ್ಲಿಯೂ, ಬೆಳೆದವರ ಮಣಿಕಟ್ಟು ಸುಮಾರು ಆರು ವಾರಗಳಲ್ಲಿಯೂ ಕೂಡಬಹುದು. ಮೊಣಕಾಲಿನ ಕೆಳಗಿನ ದಪ್ಪ ಮೂಳೆಗೆ ಮೂರು ನಾಲ್ಕು ತಿಂಗಳುಗಳೇ ಬೇಕಾಗುತ್ತವೆ.

ಇಷ್ಟನ್ನೂ ಮಾಡುವುದು ಪ್ರಕೃತಿ. ಎಲೆಯ ರಸವಾಗಲಿ, ಮೊಟ್ಟೆಯ ಬಿಳಿಯ ಲೇಪವಾಗಲಿ, ಪ್ಲಾಸ್ಟರ್ ಆಗಲಿ, ಉಕ್ಕಿನ ಕಂಬಿಯಾಗಲಿ ಮೂಳೆಯನ್ನು ಬೆಸೆಯುವುದಿಲ್ಲ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತೆಂಬಂತೆ, ಯಾವ ಔಷಧವನ್ನು ಹಚ್ಚಿದ್ದರೋ ಅದಕ್ಕೇ ಕೀರ್ತಿ ಸಲ್ಲುವುದು ಲೋಕದ ರೂಢಿ. ಮನುಷ್ಯನು ಮಾಡಬೇಕಾದುದು ಮೂರೇ. ಮುರಿದ ತುದಿಗಳು ಒಂದಕ್ಕೊಂದು ನೇರವಾಗಿ ಕೂಡಿರಬೇಕು, ಅವು ಅಲುಗದಂತಿರಬೇಕು, ಅಲ್ಲಿಗೆ ರಕ್ತವು ತಡೆಯಿಲ್ಲದೆ ಹರಿಯುತ್ತಿರಬೇಕು. ಮೊದಲನೆಯದಕ್ಕೆ ವೈದ್ಯನ ಕೈಯೂ, ೧೮೯೫ರಲ್ಲಿ ರಾಂಟ್‌ಜನ್ ಪಂಡಿತನು ಕಂಡುಹಿಡಿದ ಎಕ್ಸ್‌ರೇ ಕಿರಣಗಳೂ ಬೇಕು. ಎರಡನೆಯದಕ್ಕೆ ಕಟ್ಟು ಬೇಕು. ಎರಡನೆಯದರ ಭರದಲ್ಲಿ ಮೂರನೆಯದನ್ನು ಮರೆಯುವುದರಿಂದಲೇ ಅನರ್ಥವು ಹುಟ್ಟುವುದು.

ಪೂರ್ವಿಕರ ಎಚ್ಚರಿಕೆ

ಬಿಗಿಯಾಗಿ ಕಟ್ಟುವುದೇ ನಮ್ಮ ಪುರಾತನ ಪದ್ಧತಿಯೆಂದು ಹಲವರು ತಿಳಿದಿದ್ದಾರೆ. ಸುಶ್ರುತ ಸಂಹಿತೆಯನ್ನು ತೆರೆದು ನೋಡಿದವರಿಗೆ ಹಾಗೆ ತೋರದು. ಆ ಗ್ರಂಥದ ನಿದಾನಸ್ಥಾನದ ೧೫ನೆಯ ಅಧ್ಯಾಯದಲ್ಲಿ ಕೀಲು ತಪ್ಪುವುದರಲ್ಲಿ ಆರು ಬಗೆಗಳನ್ನೂ, ಮೂಳೆ ಮುರಿಯುವುದರಲ್ಲಿ ಹನ್ನೆರಡು ಬಗೆಗಳನ್ನೂ ಎಣಿಸಿದ್ದಾರೆ. ಚಿಕಿತ್ಸಾಸ್ಥಾನದ ೩ನೆಯ ಅಧ್ಯಾಯದಲ್ಲಿ ಅತ್ತಿ, ಅರಳಿ, ಆಲ, ಮುತ್ತುಗ, ಮತ್ತಿ ಮುಂತಾದ ಮರಗಳ ತೊಗಟೆಯನ್ನೂ ಬಿದಿರನ್ನೂ ದಬ್ಬೆಗಳಾಗಿ ಬಳಸಬೇಕೆಂದು ಹೇಳಿದೆ. ಕಟ್ಟು ಸಡಿಲವಾದರೆ ಕೀಲಿಗೆ ಸ್ಥಿರತೆ ಬಾರದು. ಅತಿ ಬಿಗಿಯಾದರೆ ಊತವೂ ನೋವೂ ಕೀವೂ ಉಂಟಾಗುವುವು. ಆದುದರಿಂದ ಸಮನಾದ ಕಟ್ಟೇ ಉತ್ತಮವೆಂಬುದು ಅಲ್ಲಿಯ ಅಭಿಪ್ರಾಯ. ಅಷ್ಟೇ ಅಲ್ಲ. ತಂಪಾದ ಋತುವಿನಲ್ಲಿ ಏಳು ದಿನಕ್ಕೊಮ್ಮೆಯೂ, ಸಾಧಾರಣ ಋತುವಿನಲ್ಲಿ ಐದು ದಿನಕ್ಕೊಮ್ಮೆಯೂ, ಬಿಸಿಲುಗಾಲದಲ್ಲಿ ಮೂರು ದಿನಕ್ಕೊಮ್ಮೆಯೂ ಕಟ್ಟನ್ನು ಬಿಚ್ಚಿ ಕಟ್ಟಬೇಕೆಂಬ ವಿಧಿಯೂ ಉಂಟು. ಎಂದರೆ, ಕಟ್ಟಿದ ಮೇಲೆ ನೋಡುತ್ತಿರಬೇಕು ಎಂಬುದೇ ಪುರಾತನರ ಮತ. ಕಟ್ಟಿ ಮರೆತುಬಿಡುವುದು ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಬಿಗಿಯಿಂದ ಆಗುವುದೇನು?

ಮುಂಗೈಯಲ್ಲಿಯೂ ಮೊಣಕಾಲಿನ ಕೆಳಗೂ ಇರುವ ಮಾಂಸಖಂಡಗಳು ಹಿಗ್ಗದಂತಹ ಗಟ್ಟಿ ಪೊರೆಗಳ ಚೀಲಗಳೊಳಗೆ ಇವೆ. ಮೂಳೆ ಮುರಿದಾಗ ರಕ್ತವು ಸೋರಿ, ಒಳಗೆ ಊತವು ಹೆಚ್ಚುತ್ತದೆ. ಪೊರೆಯು ಹಿಗ್ಗದಿರುವುದರಿಂದ ಒಳಗಿನ ಒತ್ತಡವು ಏರುವುದು. ಹೊರಗಿನಿಂದ ಕಟ್ಟೊಂದು ಅದುಮಿದರಂತೂ ಹೇಳಬೇಕಾದುದೇ ಇಲ್ಲ. ಒತ್ತಡವು ಮೇರೆ ಮೀರಿದಾಗ ಅತಿ ಸೂಕ್ಷ್ಮವಾದ ರಕ್ತನಾಳಗಳು ಮುಚ್ಚಿಹೋಗಿ, ಮಾಂಸಕ್ಕೂ ನರಗಳಿಗೂ ಆಹಾರವು ನಿಲ್ಲುತ್ತದೆ. ಈ ಅವಸ್ಥೆಗೆ ವೈದ್ಯರು ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎಂದು ಹೆಸರಿಟ್ಟಿದ್ದಾರೆ. ಆರು ಗಂಟೆಗಳಷ್ಟು ಕಾಲ ರಕ್ತವಿಲ್ಲದೆ ಹೋದರೆ ಮಾಂಸಖಂಡವು ಸಾಯಲು ತೊಡಗುವುದು. ಇನ್ನೂ ತಡವಾದರೆ ಅದನ್ನು ಉಳಿಸುವ ಉಪಾಯವಿಲ್ಲ.

ಸತ್ತ ಮಾಂಸವು ಕೆಲವು ವಾರಗಳಲ್ಲಿ ಒಣಗಿದ ಹಗ್ಗದಂತೆ ಮೊಟಕಾಗಿ ಬೆರಳುಗಳನ್ನು ಒಳಕ್ಕೆ ಸೆಳೆಯುತ್ತದೆ. ಕೈಯು ಹಕ್ಕಿಯ ಉಗುರಿನಂತೆ ಮಡಿಚಿ ನಿಲ್ಲುವುದು. ಬಳಪ ಹಿಡಿಯಬೇಕಾದ, ತುತ್ತು ಕಲಸಬೇಕಾದ ಕೈ ಹೀಗಾದರೆ ಆ ಮಗುವಿನ ಮುಂದಿನ ಬಾಳೇನು? ಜರ್ಮನಿಯ ಹಾಲೆ ನಗರದ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಕ್‌ಮನ್ ಎಂಬಾತನು ೧೮೮೧ರಲ್ಲಿ ಇಂತಹ ಕೈಗಳನ್ನು ವರ್ಣಿಸಿ, ಅತಿ ಬಿಗಿಯಾದ ಕಟ್ಟಿನಿಂದ ರಕ್ತವು ತಡೆಯಲ್ಪಟ್ಟು ಹೀಗಾಗುವುದೆಂದು ತೋರಿಸಿದನು. ಇಂದಿಗೂ ಈ ಊನವು ಆತನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಇದಕ್ಕೆ ಹೆಚ್ಚಾಗಿ ಗುರಿಯಾಗುವವರು ಮಕ್ಕಳೆಂಬುದನ್ನು ತಾಯಂದಿರು ಮರೆಯಬಾರದು. ಐದರಿಂದ ಏಳು ವರ್ಷದ ಮಕ್ಕಳು ಚಾಚಿದ ಕೈಮೇಲೆ ಬಿದ್ದಾಗ ಮೊಣಕೈಯ ಸ್ವಲ್ಪ ಮೇಲುಗಡೆ ಮೂಳೆ ಮುರಿಯುವುದು ಬಹಳ ಸಾಮಾನ್ಯ. ಕೈಗೆ ಹೋಗುವ ಮುಖ್ಯ ರಕ್ತನಾಳವೂ ನರಗಳೂ ಆ ಸ್ಥಳಕ್ಕೆ ಅಂಟಿಕೊಂಡಂತೆಯೇ ಹಾದುಹೋಗುತ್ತವೆ. ಮೊಣಕೈ ಊದಿದ ಮಗುವನ್ನು ಕೂಡಲೆ ಆಸ್ಪತ್ರೆಗೆ ಕರೆದೊಯ್ಯಬೇಕೇ ಹೊರತು, ಎಣ್ಣೆ ಹಚ್ಚಿ ನೀವಿಸಲು ಎಲ್ಲಿಗೂ ಒಯ್ಯಕೂಡದು. ಪೆಟ್ಟಾದ ಮೊಣಕೈಯನ್ನು ತಿಕ್ಕಿ ನೀವಿದರೆ ಮಾಂಸದೊಳಗೆ ಹೊಸ ಮೂಳೆ ಬೆಳೆದು, ಕೀಲು ಮಡಿಸಲು ಬಾರದಂತೆ ಬಿಗಿದುಹೋಗುವುದೂ ಉಂಟು.

ಪರಂಪರೆಯಿಂದ ಮೂಳೆ ಕಟ್ಟುವವರಲ್ಲಿ ಕೈಚಳಕವುಳ್ಳವರಿದ್ದಾರೆ. ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರಿನೊಳಗೂ ಊತವೇರಿ ಇದೇ ಅಪಾಯವು ಬರಬಹುದು. ಕಟ್ಟೇ ಇಲ್ಲದೆಯೂ ಬರಬಹುದು. ಆದುದರಿಂದ ಕಟ್ಟಿದವರು ಯಾರೇ ಆಗಲಿ, ಕಾಯತಕ್ಕವರು ಮನೆಯವರು.

ಅಪಾಯದ ಗುರುತುಗಳು

ಕಟ್ಟು ಹಾಕಿಸಿಕೊಂಡು ಬಂದ ಮೊದಲನೆಯ ಎರಡು ದಿನಗಳಲ್ಲಿ, ರಾತ್ರಿಯೂ ಸೇರಿ, ಕೆಲವು ಗಂಟೆಗಳಿಗೊಮ್ಮೆ ಈ ಕೆಳಗಿನ ಗುರುತುಗಳನ್ನು ಪರೀಕ್ಷಿಸತಕ್ಕದ್ದು.

ಮೊದಲನೆಯದು ನೋವು. ಮುರಿದ ಮೂಳೆಯನ್ನು ಅಲುಗದಂತೆ ನಿಲ್ಲಿಸಿದ ಮೇಲೆ ನೋವು ಇಳಿಯಬೇಕು. ಇಳಿಯುವ ಬದಲು ಗಂಟೆಗಂಟೆಗೂ ಏರುತ್ತಿದ್ದರೆ, ಔಷಧ ಕೊಟ್ಟರೂ ತಗ್ಗದಿದ್ದರೆ, ಅದೇ ಮೊದಲನೆಯ ಹಾಗೂ ಮುಖ್ಯವಾದ ಎಚ್ಚರಿಕೆ. "ಮೂಳೆ ಮುರಿದ ಮೇಲೆ ನೋಯದೆ ಇರುತ್ತದೆಯೇ, ಸುಮ್ಮನಿರು ಮಗು" ಎಂದು ಸಮಾಧಾನ ಹೇಳಿ ಮಲಗಿಸುವ ರಾತ್ರಿಯೇ ಕೈ ಕಳೆದುಹೋಗುವ ರಾತ್ರಿಯಾಗಬಹುದು.

ಎರಡನೆಯದು, ಬೆರಳುಗಳನ್ನು ಮೆಲ್ಲಗೆ ನೆಟ್ಟಗೆ ಮಾಡಿದಾಗ ಮುಂಗೈಯಲ್ಲಿ ತಡೆಯಲಾರದ ನೋವು. ಮೂರನೆಯದು, ಬೆರಳುಗಳಲ್ಲಿ ಜೋಮು, ಸೂಜಿ ಚುಚ್ಚಿದಂತಹ ಅನುಭವ, ಅಥವಾ ಮುಟ್ಟಿದ್ದು ತಿಳಿಯದಿರುವುದು. ನಾಲ್ಕನೆಯದು, ಬೆರಳುಗಳು ಬಿಳುಪೇರುವುದು ಇಲ್ಲವೆ ನೀಲಿಗಟ್ಟುವುದು, ಇನ್ನೊಂದು ಕೈಗಿಂತ ತಣ್ಣಗಿರುವುದು. ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡುಗಳೊಳಗೆ ಕೆಂಪು ಮರಳಬೇಕು. ತಡವಾದರೆ ರಕ್ತದ ಹರಿವು ಕುಂದಿದೆಯೆಂದು ತಿಳಿಯಬೇಕು. ಐದನೆಯದು, ಬೆರಳುಗಳನ್ನು ತಾನಾಗಿ ಆಡಿಸಲು ಆಗದಿರುವುದು.

ನಾಡಿ ಸಿಗುತ್ತಿದೆಯಲ್ಲಾ ಎಂದು ನೆಮ್ಮದಿಯಿಂದಿರುವುದು ಸಲ್ಲದು. ಮಾಂಸವು ಸಾಯುತ್ತಿರುವಾಗಲೂ ದೊಡ್ಡ ನಾಳದಲ್ಲಿ ನಾಡಿಯು ಬಹಳ ಹೊತ್ತು ಮಿಡಿಯುತ್ತಿರಬಹುದು. ನಾಡಿ ನಿಲ್ಲುವುದು ಕಡೆಯ ಗುರುತು. ಅದನ್ನು ಕಾಯುತ್ತ ಕುಳಿತರೆ ಕಾಲವು ಮೀರಿರುತ್ತದೆ.

ಇಂತಹ ಗುರುತು ಒಂದಾದರೂ ಕಂಡರೆ, ಬಟ್ಟೆಯ ಪಟ್ಟಿಯನ್ನೂ ದಬ್ಬೆಯ ಕಟ್ಟನ್ನೂ ಚರ್ಮವು ಕಾಣುವವರೆಗೆ ಒಡನೆಯೇ ಸಡಿಲಿಸಬೇಕು. "ಕಟ್ಟು ಬಿಚ್ಚಿದರೆ ಮೂಳೆ ಜರುಗೀತು" ಎಂಬ ಭಯ ಬೇಡ. ಜರುಗಿದ ಮೂಳೆಯನ್ನು ಮತ್ತೆ ಕೂಡಿಸಬಹುದು. ಕೈಯನ್ನು ಎದೆಯ ಮಟ್ಟದಲ್ಲಿಟ್ಟು, ರಾತ್ರಿಯೆನ್ನದೆ, ಭಾನುವಾರವೆನ್ನದೆ, ಶಸ್ತ್ರಕ್ರಿಯೆಯ ಅನುಕೂಲವಿರುವ ಆಸ್ಪತ್ರೆಗೆ ಹೋಗಬೇಕು. ಪ್ಲಾಸ್ಟರಾದರೆ ಅದನ್ನು ಅಲ್ಲಿ ಸೀಳಿ ಬಿಡಿಸುವರು. ಅಷ್ಟರಿಂದಲೂ ಒತ್ತಡವಿಳಿಯದಿದ್ದರೆ, ಪೊರೆಯನ್ನೇ ಉದ್ದಕ್ಕೆ ಕೊಯ್ದು ಮಾಂಸಕ್ಕೆ ಎಡೆ ಮಾಡಿಕೊಡುವ ಶಸ್ತ್ರಕ್ರಿಯೆಯುಂಟು. ಕಾಲದಲ್ಲಿ ನಡೆದರೆ ಅದು ಕೈಯನ್ನು ಉಳಿಸುತ್ತದೆ.

ಬಿದ್ದೊಡನೆ ಮಾಡತಕ್ಕದ್ದು

ಮುರಿದಿದೆಯೋ ಉಳುಕಿದೆಯೋ ಎಂದು ನೋಡಲು ಕೈಕಾಲನ್ನು ಎಳೆದು ತಿರುಗಿಸಿ ಪರೀಕ್ಷಿಸಬಾರದು. ಸಂಶಯವಿದ್ದರೆ ಮುರಿದಿದೆಯೆಂದೇ ಭಾವಿಸಬೇಕು. ಬಳೆ, ಉಂಗುರ, ಕೈಗಡಿಯಾರ, ಕಾಲುಂಗುರ, ಕಾಲುಗೆಜ್ಜೆಗಳನ್ನು ಊತವೇರುವ ಮೊದಲೇ ತೆಗೆದುಬಿಡಬೇಕು. ಆಮೇಲೆ ಅವೇ ಉರುಲಾಗುವುವು. ದಪ್ಪವಾಗಿ ಸುತ್ತಿದ ವೃತ್ತಪತ್ರಿಕೆ, ಮರದ ಅಡಿಕೋಲು, ಕೊಡೆ, ಮಡಿಸಿದ ಚಾಪೆ—ಕೈಗೆ ಸಿಕ್ಕಿದ ಯಾವುದಾದರೂ ದಬ್ಬೆಯಾಗಬಹುದು. ಅದರ ಮೇಲೆ ಮೆತ್ತನೆಯ ಬಟ್ಟೆಯಿಟ್ಟು, ಮುರಿದ ಸ್ಥಳದ ಮೇಲಿನ ಕೀಲೂ ಕೆಳಗಿನ ಕೀಲೂ ಅಲುಗದಂತೆ, ಅಂಗವು ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ ಕಟ್ಟಬೇಕು. ಮುರಿದ ಸ್ಥಳದ ಮೇಲೆಯೇ ಗಂಟು ಬೀಳಬಾರದು. ಕಟ್ಟಿನ ಒಳಗೆ ಒಂದು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಿರಬೇಕು. ಬೆರಳ ತುದಿಗಳು ಸದಾ ಕಣ್ಣಿಗೆ ಕಾಣುತ್ತಿರಬೇಕು. ಕೈಯಾದರೆ ಹಳೆಯ ಪಂಚೆಯ ತುಂಡಿನಿಂದ ಕುತ್ತಿಗೆಗೆ ಜೋಲಿ ಕಟ್ಟಿದರೆ ಸಾಕು.

ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಟ್ಟರೆ ಊತವು ಕಡಮೆಯಾಗುವುದು. ಚರ್ಮ ಹರಿದು ಮೂಳೆ ಕಾಣುತ್ತಿದ್ದರೆ ಅದನ್ನು ಒಳಕ್ಕೆ ತಳ್ಳಬಾರದು. ಅರಿಸಿನ, ಕಾಫಿಪುಡಿಗಳನ್ನು ತುಂಬಬಾರದು. ಶುಭ್ರವಾದ ಬಟ್ಟೆಯನ್ನು ಮುಚ್ಚಿ ತ್ವರೆಯಾಗಿ ಆಸ್ಪತ್ರೆಗೆ ಸಾಗಿಸಬೇಕು. ಕೆಲವೇ ಗಂಟೆಗಳಲ್ಲಿ ಗಾಯವನ್ನು ತೊಳೆದು ಔಷಧ ಕೊಡದಿದ್ದರೆ ಮೂಳೆಗೆ ಕೀವು ಹತ್ತುವ ಭಯವುಂಟು. ಶಸ್ತ್ರಕ್ರಿಯೆಯು ಬೇಕಾಗಬಹುದಾದುದರಿಂದ, ಬಿದ್ದವರಿಗೆ ವಾತ್ಸಲ್ಯದಿಂದ ಹಾಲನ್ನೋ ಕಾಫಿಯನ್ನೋ ಕುಡಿಸದಿರುವುದೇ ಲೇಸು.

ಪ್ಲಾಸ್ಟರು ಹಾಕಿಸಿದ ಮೇಲೆ

ಬಟ್ಟೆಯ ಪಟ್ಟಿಗೆ ಪ್ಲಾಸ್ಟರಿನ ಪುಡಿಯನ್ನು ಸವರಿ ನೀರಿನಲ್ಲಿ ಅದ್ದಿ ಸುತ್ತುವ ಉಪಾಯವನ್ನು ೧೮೫೨ರಲ್ಲಿ ಪ್ರಕಟಿಸಿದವನು ಹಾಲೆಂಡಿನ ಸೈನ್ಯದ ವೈದ್ಯನಾದ ಮಥೈಸನ್ ಎಂಬವನು. ಇಂದು ಹಗುರವಾದ ಗಾಜಿನ ನೂಲಿನ ಕಟ್ಟುಗಳೂ ಬಂದಿವೆ. ಎರಡಕ್ಕೂ ಆರೈಕೆ ಒಂದೇ. ಮೊದಲ ಎರಡು ಮೂರು ದಿನ, ಅಪಾಯದ ಗುರುತುಗಳಿಲ್ಲದಿದ್ದರೆ, ಅಂಗವನ್ನು ದಿಂಬುಗಳ ಮೇಲೆ ಎದೆಯ ಮಟ್ಟಕ್ಕಿಂತ ಎತ್ತರದಲ್ಲಿಡಬೇಕು. ಬೆರಳುಗಳನ್ನು ಆಗಾಗ ಆಡಿಸುತ್ತಿರಬೇಕು. ತುರಿಕೆಯೆಂದು ಕಡ್ಡಿಯನ್ನೋ ಹೆಣಿಗೆಯ ಸೂಜಿಯನ್ನೋ ಒಳಗೆ ತೂರಿಸಿದರೆ ಕಾಣದ ಗಾಯವಾಗಿ ಕೀವು ಕಟ್ಟುವುದು. ಪ್ಲಾಸ್ಟರು ನೀರಿನಲ್ಲಿ ನೆನೆಯಬಾರದು. ಕಟ್ಟನ್ನು ಬಿಚ್ಚಿದ ದಿನ ಕೈಯು ಸೊರಗಿ, ಕೀಲುಗಳು ಬಿಗಿದಿರುವುದನ್ನು ಕಂಡು ಹೆದರಬೇಕಾದುದಿಲ್ಲ. ವೈದ್ಯರು ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ ತಾನೇ ಮಾಡಿಕೊಂಡರೆ ಕೈ ತಿರುಗುವುದು. ಇನ್ನೊಬ್ಬರು ಬಲವಂತದಿಂದ ಮಡಿಸಬಾರದು.

ಕಟ್ಟಿಗೆ ಒಳಪಡದ ಎರಡು ಮುರಿತಗಳು

ಇಲ್ಲಿಯವರೆಗೆ ಕೈಕಾಲಿನ ವಿಚಾರವಾಯಿತು. ಯಾವ ಕಟ್ಟಿನಿಂದಲೂ ಪ್ರಯೋಜನವಿಲ್ಲದ ಎರಡು ಸ್ಥಳಗಳುಂಟು.

ಒಂದು, ಮುದುಕರ ತೊಡೆಯ ಮೂಳೆಯ ಕತ್ತು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆಗಳು ಬೇಗಬೇಗನೆ ಟೊಳ್ಳಾಗುವುವು. ಇದಕ್ಕೆ ಆಸ್ಟಿಯೋಪೊರೋಸಿಸ್ ಎಂದು ಹೆಸರು. ಐವತ್ತು ದಾಟಿದ ಗೃಹಿಣಿಯು ಅಂಗಳದಲ್ಲಿ ಜಾರಿ ಕೈಯೂರಿದ ಮಾತ್ರಕ್ಕೆ ಮಣಿಕಟ್ಟು ಮುರಿದರೆ ಅದನ್ನು ಮೂಳೆಗಳ ಮೊದಲ ದೂರೆಂದು ಎಣಿಸಿ ಪರೀಕ್ಷೆ ಮಾಡಿಸಬೇಕು. ಅಲಕ್ಷ್ಯ ಮಾಡಿದರೆ ಮುಂದೊಂದು ದಿನ ಬಚ್ಚಲುಮನೆಯಲ್ಲಿ ಬಿದ್ದು ತೊಡೆಯ ಮೂಳೆಯ ಕತ್ತೇ ಮುರಿಯಬಹುದು. ಅಂಥವರು ಏಳಲಾರರು, ಪೆಟ್ಟಾದ ಕಾಲು ಗಿಡ್ಡವಾಗಿ, ಪಾದವು ಹೊರಕ್ಕೆ ವಾಲಿರುವುದು. ಇಲ್ಲಿಯೂ ರಕ್ತದ ಮಾತೇ ಮುಖ್ಯ. ಮೂಳೆಯ ತಲೆಗೆ ರಕ್ತವನ್ನೊಯ್ಯುವ ನಾಳಗಳು ಆ ಕತ್ತಿನ ಮೇಲೆಯೇ ಹಾದುಹೋಗುವುದರಿಂದ, ಮೂಳೆಯು ಮುರಿದು ಜರುಗಿದಾಗ ಅವೂ ಹರಿದುಹೋಗುತ್ತವೆ. ರಕ್ತವಿಲ್ಲದ ಮೂಳೆಯು ಕೂಡುವುದೆಂತು? ಆದುದರಿಂದ ವೈದ್ಯರು ತಿರುಪುಗಳಿಂದ ಬಿಗಿಯುವರು, ಇಲ್ಲವೆ ಲೋಹದ ತಲೆಯನ್ನು ಕೂಡಿಸುವರು. "ಇಷ್ಟು ವಯಸ್ಸಿನ ಮೇಲೆ ಶಸ್ತ್ರಕ್ರಿಯೆ ಏಕೆ, ಮಲಗಿದ್ದರೆ ವಾಸಿಯಾಗುತ್ತದೆ" ಎಂಬ ಮಾತು ಅನುಕಂಪದಂತೆ ತೋರಿದರೂ ಅದರ ಫಲವು ಕಠೋರವಾದುದು. ಮಲಗಿದ ಮುದುಕರಿಗೆ ಬೆನ್ನಿನ ಹುಣ್ಣು, ಶ್ವಾಸಕೋಶದ ಜ್ವರ, ಕಾಲಿನ ನಾಳದಲ್ಲಿ ರಕ್ತದ ಹೆಪ್ಪು ಒಂದರ ಹಿಂದೊಂದು ಬರುವುವು. ದೇಹಸ್ಥಿತಿಯು ಒಪ್ಪಿದರೆ ಒಂದೆರಡು ದಿನಗಳೊಳಗೆ ಶಸ್ತ್ರಕ್ರಿಯೆ ಮಾಡಿಸಿ, ಮರುದಿನವೇ ಎಬ್ಬಿಸಿ ನಿಲ್ಲಿಸುವುದು ಈಗಿನ ಕ್ರಮ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ, ಪಾಚಿಯಿಲ್ಲದ ನೆಲ, ರಾತ್ರಿ ಉರಿಯುವ ಸಣ್ಣ ದೀಪ—ಈ ಮೂರರ ವೆಚ್ಚವು ಆಸ್ಪತ್ರೆಯ ಒಂದು ದಿನದ ವೆಚ್ಚಕ್ಕಿಂತ ಹೆಚ್ಚಾಗಲಾರದು.

ಇನ್ನೊಂದು, ಬೆನ್ನುಮೂಳೆ. ತೆಂಗಿನ ಮರದಿಂದಲೋ ಅಡಕೆಯ ಮರದಿಂದಲೋ ಬಿದ್ದವನನ್ನು ಕಂಕುಳಿಗೂ ಮೊಣಕಾಲಿಗೂ ಕೈಕೊಟ್ಟು ಎತ್ತುವುದು ಘೋರವಾದ ತಪ್ಪು. ಮುರಿದ ಬೆನ್ನು ಬಾಗಿದರೆ ಒಳಗಿನ ಬೆನ್ನುಹುರಿಯು ಜಜ್ಜಿ ಕಾಲುಗಳು ಶಾಶ್ವತವಾಗಿ ಬಿದ್ದುಹೋಗಬಹುದು. ಅವನನ್ನು ಕೂರಿಸಬಾರದು, ನೀರು ಕುಡಿಸಲು ತಲೆಯನ್ನೆತ್ತಬಾರದು. ೧೦೮ಕ್ಕೆ ದೂರವಾಣಿ ಮಾಡಿ, ಅಲ್ಲಿಯೇ ಅಲುಗದಂತೆ ಇರಿಸಬೇಕು. ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ, ತಲೆ, ಕುತ್ತಿಗೆ, ಸೊಂಟಗಳು ಒಂದೇ ನೇರದಲ್ಲಿರುವಂತೆ, ಮರದ ದಿಮ್ಮಿಯನ್ನು ಉರುಳಿಸುವ ರೀತಿಯಲ್ಲಿ ಹಲಗೆಯ ಮೇಲೆ ಹೊರಳಿಸಬೇಕು.

ಮೂಳೆಗೆ ಆಹಾರ

ಕೊನೆಯದಾಗಿ ಒಂದೆರಡು ಮಾತು. ಮೂಳೆಯು ಮುರಿದ ಮೇಲೆ ಆರೈಕೆ ಮಾಡುವುದಕ್ಕಿಂತ ಮುರಿಯದಂತೆ ಬೆಳೆಸುವುದು ಮೇಲು. ನಮ್ಮ ರಾಗಿಯಲ್ಲಿ ೧೦೦ ಗ್ರಾಮಿಗೆ ೩೦೦ ಮಿಲಿಗ್ರಾಮಿಗಿಂತ ಹೆಚ್ಚು ಸುಣ್ಣದಂಶವುಂಟು. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು ೧೨೦ ಮಿಲಿಗ್ರಾಂ. ಈ ಸುಣ್ಣವನ್ನು ಕರುಳು ಹೀರಿಕೊಳ್ಳಲು ಡಿ ಜೀವಸತ್ವ ಬೇಕು; ಅದು ಬಿಸಿಲು ತಾಗಿದ ಚರ್ಮದಲ್ಲಿ ಹುಟ್ಟುತ್ತದೆ. ದುಡಿಯುವ ಮೂಳೆಯು ಗಟ್ಟಿಯಾಗುವುದು, ಕುಳಿತ ಮೂಳೆಯು ಸವೆಯುವುದು. ಆದುದರಿಂದ ಮಕ್ಕಳು ಮರ ಹತ್ತಬಾರದು, ಓಡಬಾರದು ಎಂದು ನಾವು ಹೇಳುವುದಿಲ್ಲ. ಆಡಲಿ, ಬೀಳಲಿ, ಏಳಲಿ. ಬಿದ್ದು ಮುರಿದುಕೊಂಡು ಬಂದ ದಿನ ಮನೆಯವರು ಧೈರ್ಯಗೆಡದೆ, ಕಟ್ಟನ್ನು ಹದವಾಗಿ ಕಟ್ಟಿ, ಆ ರಾತ್ರಿ ದೀಪವನ್ನು ಹಚ್ಚಿಟ್ಟುಕೊಂಡು ಮಗುವಿನ ಬೆರಳ ತುದಿಗಳನ್ನು ನೋಡುತ್ತಿದ್ದರೆ, ಮಿಕ್ಕ ಕೆಲಸವನ್ನು ಮೂಳೆಯು ತಾನೇ ಮಾಡಿಕೊಳ್ಳುವುದು.